ಪಾರ್ಕಿನ ಎದುರು ಮನೆ

‘ದಿನಾ ವಾಕಿಂಗ್ ಮಾಡಿ’ ಎಂದು ಡಾಕ್ಟರು ಹೇಳಿದ್ದು ತೋಂಟದಾರ್ಯನಿಗೆ. ಅದನ್ನು ಮನಸ್ಸಿಗೆ ಹಚ್ಚಿಕೊಂಡವಳು ಅವನ ಹೆಂಡತಿ ಸಿಂಧು. ಹೇಗೂ ಇದ್ದ ಬಾಡಿಗೆ ಮನೆ ಖಾಲಿ ಮಾಡಬೇಕಾಗಿತ್ತು. “ಇನ್ನು ಮನೆ ಮಾಡಿದ್ರೆ ಪಾರ್ಕ್ ಇರೋ ಕಡೆನೇ” ಎಂದು ಹಟ ಹಿಡಿದಳು.

ತೋಂಟದಾರ್ಯ ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟವನು. ಬೆಳಿಗ್ಗೆ ಗಾದಿಯ ಮೇಲೆ ಕೂತನೆಂದರೆ, ಸಂಜೆ ಮೂಟೆಗಳ ಜೊತೆ ಇವನನ್ನೂ ಎತ್ತಬೇಕೇನೋ ಎಂದು ಹಮಾಲರಿಗೆ ಅನುಮಾನ ಬರುತ್ತಿತ್ತು. ಅಂಥವನಿಗೆ ಪಾರ್ಕಿನ ಪಕ್ಕದ ಮನೆಯೆಂದರೆ ಜೈಲಿನ ಪಕ್ಕದ ಮನೆಯಿದ್ದ ಹಾಗೆ.

ಭಾನುವಾರ ಬೆಳಿಗ್ಗೆ ಬ್ರೋಕರ್ ಪರಮೇಶ್ ಇಬ್ಬರನ್ನೂ ಕಾರಿನಲ್ಲಿ ಕರೆದೊಯ್ದ. “ಬಾಗಿಲು ತೆಗುದ್ರೆ ಪಾರ್ಕು ಕಣಕ್ಕ!” ಎಂದು ಮನೆ ತೋರಿಸಿದ. ಸಿಂಧು ಪಾರ್ಕನ್ನೂ ನೋಡಿಬಿಡೋಣವೆಂದು ಒಳಗೆ ನಡೆದಳು. ಹೇಗಾದರೂ ಇದನ್ನು ಕೆಡಿಸಬೇಕೆಂದು ತೋಂಟದಾರ್ಯನೂ ಹಿಂದೆಯೇ ಹೋದ.

“ಹಾವು ಇರ್ತಾವೆ ಕಣೇ ಇಲ್ಲಿ” ಎಂದ ಮೆಲ್ಲಗೆ.

ಬಿರಬಿರನೆ ನಡೆದು ಬರುತ್ತಿದ್ದ ಚಿಕ್ಕಗೌರಮ್ಮ ಎಂಬ ಮುದುಕಿ ಗಕ್ಕನೆ ನಿಂತಳು. “ಯಾರಪ್ಪ ಹೇಳ್ದೋರು? ವರ್ಷಗಟ್ಲೆಯಿಂದ ನಡೀತಿವ್ನಿ, ಒಂದು ಓತಿಕ್ಯಾತ ಬುಟ್ರೆ ಏನೂ ಕಂಡಿಲ್ಲ.”

“ತೆಂಗಿನಮರ ಅವೆಯಲ್ಲ, ತಲೆ ಮೇಲೆ ಕಾಯಿ ಬಿದ್ರೆ?”

“ಕಾಯಿ ಬೀಳದ ಜಾಗ ಬೇಕು ಅಂದ್ರೆ ತಿಪಟೂರು ಬುಟ್ಟು ಹೋಗಪ್ಪ!”

ಸುತ್ತ ವಾಕಿಂಗ್ ಮಾಡುತ್ತಿದ್ದವರು ನಕ್ಕರು. ತೋಂಟದಾರ್ಯನಿಗೆ ರೇಗಿತು. “ಹೋಗ್ಲಿ, ಈ ಕಲ್ಲು ಎಷ್ಟು ಜಾರುತ್ತೆ ನೋಡು” ಎಂದು ಜಾರಿದಂತೆ ನಟಿಸಲು ಕಾಲು ಮುಂದೆ ಚಾಚಿದ. ನಟನೆ ಬೇಕಾಗಲೇ ಇಲ್ಲ. ಲಾರಿಯಿಂದ ಉರುಳಿದ ಮೂಟೆಯಂತೆ ದೊಪ್ಪನೆ ಬಿದ್ದ.

ನಿವೃತ್ತ ಪಿ.ಟಿ. ಮೇಷ್ಟ್ರು ಪರಮಶಿವಯ್ಯ ಓಡಿಬಂದು ಅವನನ್ನು ಎತ್ತಿ ನಿಲ್ಲಿಸಿದರು. ತೋಂಟದಾರ್ಯ ಬೆಂಚಿನ ಕಡೆ ತಿರುಗಿದ.

“ಕೂರಬ್ಯಾಡ್ರೀ! ಕೂತ್ರೆ ಸೊಂಟ ಹಿಡ್ಕೋತದೆ. ನಡೀರಿ!” ಎಂದು ಮೇಷ್ಟ್ರು ಅವನ ರಟ್ಟೆ ಹಿಡಿದು ಪಾರ್ಕಿನಲ್ಲಿ ಒಂದು ಸುತ್ತು ಎಳೆದೊಯ್ದರು. ಸಾಲದೆಂದು ಇನ್ನೊಂದು ಸುತ್ತು. ಆಮೇಲೆ ಅವನನ್ನು ಬಿಟ್ಟು, ಸಿಂಧುವಿನ ಜೊತೆ ಏನೋ ಗುಸುಗುಸು ಮಾತಾಡಿದರು.

ಇನ್ನು ತನ್ನ ಕತೆ ಮುಗಿಯಿತೆಂದು ತೋಂಟದಾರ್ಯ ಏದುಸಿರು ಬಿಡುತ್ತಿರುವಾಗ ಸಿಂಧು ಬಂದು, “ರೀ, ಈ ಮನೆ ಬ್ಯಾಡ” ಎಂದಳು.

ಅವನಿಗೆ ಸೊಂಟದ ನೋವೇ ಮರೆತುಹೋಯಿತು. “ಅಯ್ಯೋ, ನಿಂಗೆ ಪಾರ್ಕು ಅಂದ್ರೆ ಆಸೆ ಇತ್ತಲ್ಲೇ!” ಎಂದು ಮುಖ ಸಣ್ಣದು ಮಾಡಿದನೇ ಹೊರತು, ಯಾಕೆ ಎಂದು ಕೇಳಲು ಹೋಗಲಿಲ್ಲ.

ಪರಮೇಶ್ ತೋರಿಸಿದ ಇನ್ನೊಂದು ಮನೆ ಊರಾಚೆ, ಬಿಳಿಗೆರೆ ಕಡೆಯ ತೋಟಗಳ ನಡುವೆ ಇತ್ತು. ತಣ್ಣನೆಯ ಗಾಳಿ, ಅಗಲವಾದ ಜಗಲಿ. ಪಾರ್ಕಿಲ್ಲ, ಮೇಷ್ಟ್ರಿಲ್ಲ, ಒಂದು ನರಪಿಳ್ಳೆಯೂ ಇಲ್ಲ. ಸಿಂಧುವಿನ ಮನಸ್ಸು ಬದಲಾಗುವ ಮುಂಚೆ ಮುಗಿಸಿಬಿಡಬೇಕೆಂದು ತೋಂಟದಾರ್ಯ ಮನೆಯ ಯಜಮಾನರಿಗೆ ಅಲ್ಲಿಂದಲೇ ಫೋನು ಮಾಡಿ, “ನಮ್ಗೇ ಈ ಮನೆ. ಬ್ಯಾರೆ ಯಾರಿಗೂ ಕೊಡಬ್ಯಾಡಿ” ಎಂದು ಮಾತು ಕೊಟ್ಟ. ಕೊಟ್ಟು ಜಗಲಿಯ ಮೇಲೆ ಕಾಲು ಚಾಚಿದ.

ಅಷ್ಟರಲ್ಲಿ ಸಿಂಧುವೂ ಫೋನು ಹಚ್ಚಿದ್ದಳು. “ಮೇಷ್ಟ್ರೇ, ಮನೆ ಗೊತ್ತು ಮಾಡಿದ್ವಿ ಕಣ್ರೀ! ನೀವು ಹೇಳಿದ್ದು ನಿಜ. ಪಾರ್ಕಿನ ಎದುರೇ ಮನೆ ಮಾಡಿದ್ರೆ ಇವ್ರು ಜಗಲೀಲಿ ಕುರ್ಚಿ ಹಾಕ್ಕೊಂಡು ನಡೆಯೋರನ್ನ ನೋಡ್ತಾ ಕೂತಿರ್ತಿದ್ರು. ಇದು ಪಾರ್ಕಿಂದ ಮೂರು ಕಿಲೋಮೀಟ್ರು. ಹೋಗ್ತಾ ಮೂರು, ಬರ್ತಾ ಮೂರು, ನಡುವೆ ನಿಮ್ಮ ಸುತ್ತು ಬ್ಯಾರೆ!”

ತೋಂಟದಾರ್ಯ ಚಾಚಿದ್ದ ಕಾಲನ್ನು ನಿಧಾನವಾಗಿ ಒಳಗೆಳೆದುಕೊಂಡ.

ಸಿಂಧು ಪರಮೇಶನ ಕಡೆ ತಿರುಗಿ, “ಅಣ್ಣಾ, ಕಾರು ತಗೊಂಡು ನೀವು ಹೊರಡಿ. ಇವರನ್ನ ನಾನು ನಡೆಸ್ಕೊಂಡು ಬತ್ತೀನಿ” ಎಂದಳು. ಕಾರು ಧೂಳೆಬ್ಬಿಸಿಕೊಂಡು ತೆಂಗಿನಮರಗಳ ನಡುವೆ ಮರೆಯಾಯಿತು.

“ಮನೆಗೆ ತಾನೇ?” ಎಂದ ತೋಂಟದಾರ್ಯ, ದೀನನಾಗಿ.

“ಪಾರ್ಕಿಗೆ. ಮೇಷ್ಟ್ರು ಗೇಟಲ್ಲಿ ನಿಂತವ್ರೆ. ಏಳಿ!”