ಏರೋಪ್ಲೇನ್ ಚಿಟ್ಟೆಯ ಕಣ್ಣು, ಮೇಷ್ಟ್ರ ಉಸಿರು

ಇಡೀ ಹಾಸನ ಜಿಲ್ಲೆಯಲ್ಲಿ ಹುಳದ ಕಣ್ಣನ್ನು ನನ್ನಷ್ಟು ಸ್ಪಷ್ಟವಾಗಿ ಫೋಟೋ ತೆಗೆದವರು ಇನ್ನೊಬ್ಬರಿಲ್ಲ. ಸುಳ್ಳು. ಅರಸೀಕೆರೆಯಲ್ಲಿ ನನ್ನದೊಂದು ಸ್ಟುಡಿಯೋ ಇರೋದು ನಿಜ, ಆದರೆ ನಾನು ತೆಗೆಯೋದು ಮದುವೆ, ನಾಮಕರಣ. ಹುಳದ ಹುಚ್ಚು ನನ್ನ ಗೆಳೆಯರಾದ ವಿಜ್ಞಾನದ ಮೇಷ್ಟ್ರದು, ಲೆನ್ಸು ಮಾತ್ರ ನನ್ನದು. ಕ್ಯಾಮೆರಾ ಹಿಡಿದು ಬದುವಿನ ಮೇಲೆ ಮಲಗಿದವರ ಸುತ್ತ ಏನಾದರೊಂದು ಆಗುತ್ತಲೇ ಇರುತ್ತದೆ. ಜೊತೆಗೆ ನಾನಿದ್ದರೆ ಸ್ವಲ್ಪ ಜಾಸ್ತಿ. ಎರಡು ಟೀ ಹೇಳಿ, ಕುಡೀತಾ ಹೇಳ್ತೀನಿ.

ಶುರುವಾಗಿದ್ದು ಕ್ಲಾಸಿನಲ್ಲಿ. ಏರೋಪ್ಲೇನ್ ಚಿಟ್ಟೆಯ ಒಂದೊಂದು ಕಣ್ಣೂ ಸಾವಿರಾರು ಪುಟ್ಟ ಕಣ್ಣುಗಳ ಗೊಂಚಲು ಅಂತ ಮೇಷ್ಟ್ರು ವರ್ಷಗಟ್ಟಲೆ ಪಾಠ ಮಾಡಿದ್ದರು. ಈ ಸಲ ಒಬ್ಬಳು ಎದ್ದು, "ನೀವು ನೋಡಿದೀರಾ ಸಾರ್?" ಅಂದಳಂತೆ. ಮೇಷ್ಟ್ರು ಸುಳ್ಳು ಹೇಳಲಾರದ ಪ್ರಾಣಿ. ಇಲ್ಲ ಅಂದರು. ಇಡೀ ಕ್ಲಾಸು ನಕ್ಕಿತು. ಸಂಜೆ ನನ್ನ ಅಂಗಡಿಗೆ ಬಂದು, ಆ ಕಣ್ಣನ್ನು ಮಕ್ಕಳಿಗೆ ತೋರಿಸದೆ ಇನ್ನು ಆ ಪಾಠ ಮಾಡೋದಿಲ್ಲ ಅಂದರು.

ಬೀಗದ ಕೈ

ಹುಳಕ್ಕೆ ಅಷ್ಟು ಹತ್ತಿರ ಹೋದರೆ ಫೋಕಸ್ ಅನ್ನೋದು ರಾಗಿ ಕಾಳಿನಷ್ಟೂ ದಪ್ಪ ಇರಲ್ಲ. ರೆಕ್ಕೆಗೆ ಸಿಕ್ಕರೆ ಕಣ್ಣಿಗಿಲ್ಲ, ಉಸಿರಾಡಿದರೆ ಎರಡಕ್ಕೂ ಇಲ್ಲ. ಉಸಿರು ಕಟ್ಟಿ, ಲೆನ್ಸಿನ ರಿಂಗು ಮುಟ್ಟದೆ, ಮೈಯನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡಬೇಕು ಅಂತ ಹೇಳಿಕೊಟ್ಟವನು ನಾನೇ.

ಮಾದಿಹಳ್ಳಿ ಹತ್ತಿರ ಗದ್ದೆ ಬದುವಿನ ಮೇಲೆ ಮೇಷ್ಟ್ರು ಬೋರಲು ಮಲಗಿ ಹಾಗೇ ಮಾಡಿದರು. ಡೈರಿಗೆ ಹಾಲು ಹಾಕಿ ಬರುತ್ತಿದ್ದ ಹೆಂಗಸೊಬ್ಬಳು ನೋಡಿದಳು. ಮೈ ಅದುರುತ್ತಿದೆ, ಉಸಿರಿಲ್ಲ. ಕ್ಯಾನು ಇಳಿಸಿ ಓಡಿಬಂದವಳೇ, ಸೊಂಟದ ಬೀಗದ ಕೈ ಗೊಂಚಲನ್ನು ಮೇಷ್ಟ್ರ ಕೈಗೆ ತುರುಕಿ ಗಟ್ಟಿಯಾಗಿ ಹಿಡಿದುಕೊಂಡಳು. ಮೂರ್ಛೆ ಬಂದವರಿಗೆ ಕಬ್ಬಿಣ ಕೊಡಬೇಕಲ್ಲ. ಮೇಷ್ಟ್ರಿಗೆ ಏನೂ ಆಗಿಲ್ಲ ಅಂತ ಹೇಳಬೇಕಾದವನು ನಾನು. "ದಿನಾ ಬೆಳಿಗ್ಗೆ ಹಿಂಗೇ ಬತ್ತದೆ ಕಣಮ್ಮ" ಅಂದೆ.

ಚಿಟ್ಟೆ ಹಾರಿಹೋಯಿತು. ಫೋಟೋದಲ್ಲಿ ಬಂದದ್ದು ಬೀಗದ ಕೈ. ತುಕ್ಕಿನ ಒಂದೊಂದು ಚುಕ್ಕೆಯೂ ಎಷ್ಟು ಸ್ಪಷ್ಟ ಅಂತೀರಿ.

ನುಸಿ

ಮುಂದಿನ ಭಾನುವಾರ ಕಣಕಟ್ಟೆಯ ತೆಂಗಿನ ತೋಟ. ಹುಲ್ಲು ಗಾಳಿಗೆ ಅಲ್ಲಾಡದ ಹಾಗೆ ನಾನು ಮೊರ ಅಡ್ಡ ಹಿಡಿದು ಕೂತಿದ್ದೆ. ತೋಟದ ಯಜಮಾನರು ಬಂದು, ಮಲಗಿರೋರು ಯಾರು ಅಂತ ಕೇಳಿದರು. ತೆಂಗಿನ ನುಸಿ ನೋಡೋಕೆ ಬಂದ ಸಾಹೇಬರು ಅಂದುಬಿಟ್ಟೆ. ಸ್ವಲ್ಪ ಹೊತ್ತಿನಲ್ಲೇ ಊರಿಗೆ ಊರೇ ಸುರುಟಿದ ಕಾಯಿ ಹಿಡಿದು ಸಾಲು ನಿಂತಿತು. ಅವರ ಮುಖ ನೋಡಿ ಇಲ್ಲ ಅನ್ನಲಾರದೆ ಮೇಷ್ಟ್ರು ಒಂದೊಂದರ ಫೋಟೋ ತೆಗೆದು, ನುಸಿಯನ್ನು ಕ್ಯಾಮೆರಾ ಪರದೆಯಲ್ಲಿ ದೊಡ್ಡದು ಮಾಡಿ ತೋರಿಸಿದರು. ಯಜಮಾನರು ಬಗ್ಗಿ ನೋಡಿ ಮುಖ ಇಳಿಬಿಟ್ಟರು.

"ಏನ್ ಸಾ, ಇಷ್ಟ್ ದಿನ ಕಣ್ಣಿಗೇ ಕಾಣ್ತಿರ್ಲಿಲ್ಲ. ನೀವ್ ಬಂದ್ಮೇಲೆ ಅಕ್ಕಿಕಾಳಿನಷ್ಟು ದಪ್ಪ ಆಗೈತಲ್ಲ."

ಕುಂಬಳಕಾಯಿ

ಪರೀಕ್ಷೆ ಹತ್ತಿರ ಬಂತು. ಪಾಠ ಹಾಗೇ ನಿಂತಿತ್ತು. ಇನ್ನೊಂದು ಸಲ ಬಾಯಿ ಬಿಟ್ಟರೆ ನಿನ್ನನ್ನು ಕರೆದುಕೊಂಡೇ ಹೋಗಲ್ಲ ಅಂದರು ಮೇಷ್ಟ್ರು. ಅವರ ದನಿ ಕೇಳಿ, ನನಗೂ ಒಂಥರಾ ಆಯಿತು. ಆಣೆ ಮಾಡಿ ಹಳೇಬೀಡಿನ ಕೆರೆ ಏರಿಗೆ ಹೋದೆ.

ಬಿಸಿಲೇರಿತು. ಚಿಟ್ಟೆಗಳು ಒಂದು ಕಡೆ ಕೂರುತ್ತಿಲ್ಲ. ಮೇಷ್ಟ್ರು ಸೋತು ಕ್ಯಾಮೆರಾ ಚೀಲಕ್ಕಿಡಬೇಕು, ಅಷ್ಟರಲ್ಲಿ ಒಂದು ಬಂದು ನನ್ನ ಬೋಳುತಲೆ ಮೇಲೆ ಕೂತಿತು. ಮೇಷ್ಟ್ರು ನನಗೆ ಕೈ ಮುಗಿದರು. ಉಸಿರು ಕಟ್ಟಿದರು. ನಾನೂ ಕಟ್ಟಿದೆ.

ಆಗಲೇ ಬೇಲೂರು ಬಸ್ಸು ಬಂದು ನಿಂತಿತು. ಕಂಡಕ್ಟರು ನನ್ನ ಹಳೇ ಸ್ನೇಹಿತ, ನನ್ನಿಂದ ಬೇಕಾದಷ್ಟು ಸಲ ಏಮಾರಿದವನು. "ಏನ್ಲಾ, ಬತ್ತೀಯಾ?" ಅಂದ. ನಾನು ಸುಮ್ಮನೆ. "ಏನ್ಲಾ, ಮಾತೇ ಬಿದ್ದೋಯ್ತಾ?" ನಾನು ಸುಮ್ಮನೆ. ಇಂಥ ಯೋಗ ಮತ್ತೆ ಸಿಗಲ್ಲ ಅಂತ ಅವನಿಗೆ ಹೊಳೆದುಹೋಯಿತು. ಬಸ್ಸಿನ ಕಡೆ ತಿರುಗಿ, "ಹುಟ್ಟಿದಾಗಿಂದ ಇವನು ಹೇಳಿರೋದೆಲ್ಲ ಬರೀ ಸುಳ್ಳು ಕಣ್ರಪ್ಪ. ಅಲ್ಲ ಅನ್ನೋದಾದ್ರೆ ಈಗ ಹೇಳ್ಲಿ" ಅಂದ.

ಬಸ್ಸಿಗೆ ಬಸ್ಸೇ ಕಿಟಕಿಯಿಂದ ಕತ್ತು ಚಾಚಿ ಕಾಯಿತು. ನನ್ನ ನಾಲಿಗೆ ತುದಿಯಲ್ಲಿ ಎಂಥೆಂಥ ಉತ್ತರಗಳಿದ್ದವು ಸ್ವಾಮಿ. ಎಲ್ಲ ನುಂಗಿದೆ. "ನೋಡಿದ್ರಾ, ಒಪ್ಕೊಂಡ" ಅಂತ ಅವನು ರೈಟ್ ಹೇಳಿದ. ಅದೇ ಗಳಿಗೆಗೆ ಕ್ಲಿಕ್ ಅಂತು.

ಮಾರನೇ ದಿನ ಕ್ಲಾಸಿನಲ್ಲಿ ಫೋಟೋ ತೋರಿಸಿದರಂತೆ. ಜೇನುಹಟ್ಟಿಯ ಹಾಗೆ ಒಂದೊಂದು ಪುಟ್ಟ ಕಣ್ಣೂ ಬಿಡಿಬಿಡಿಯಾಗಿ ಬಂದಿತ್ತು. ಒಬ್ಬರೂ ನಗಲಿಲ್ಲ. ಪ್ರಶ್ನೆ ಕೇಳಿದ್ದವಳು ತುಂಬ ಹೊತ್ತು ನೋಡಿ, "ಇದೆ ಸಾರ್" ಅಂದಳಂತೆ. ಆಮೇಲೆ, "ಕೆಳಗೆ ಮಸುಕಾಗಿ ಗುಂಡಗೆ ಕಾಣೋದೇನು ಸಾರ್?"

ಮೇಷ್ಟ್ರು, ಅದು ಕುಂಬಳಕಾಯಿ ಕಣಮ್ಮ ಅಂದರಂತೆ.

ಅವರು ಸುಳ್ಳು ಹೇಳಲಾರದವರು. ಅಂದಮೇಲೆ ನಾನು ಕುಂಬಳಕಾಯಿಯೇ ಇರಬೇಕು. ಕುಂಬಳಕಾಯಿಗೆ ಜೇಬಿರಲ್ಲ ನೋಡಿ. ಟೀ ಕಾಸು ನೀವೇ ಕೊಟ್ಟುಬಿಡಿ.