ಗಿರಣಿ ಪೂಜೆಯ ಉಪ್ಪಿಟ್ಟು

ಅಜ್ಜಂಪುರದ ಗಂಗಾಧರಯ್ಯನವರ ಹೊಸ ಹಿಟ್ಟಿನ ಗಿರಣಿಗೆ ಪೂಜೆಯಿದ್ದ ದಿನ ಬೆಳಿಗ್ಗೆಯೇ ಅವರ ಅಕ್ಕ ವಿಮಲಮ್ಮ ತರೀಕೆರೆಯಿಂದ ಬಂದಿಳಿದದ್ದು ಎಲ್ಲಕ್ಕೂ ಕಾರಣವಾಯಿತು. ವಿಮಲಮ್ಮ ಶಾಲೆಯ ಟೀಚರು. ತಮ್ಮನ ಮನೆಗೆ ಬಂದರೂ ಪಾಠ ನಿಲ್ಲುತ್ತಿರಲಿಲ್ಲ.

ಗಂಗಾಧರಯ್ಯನವರಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಸರ್ವಮಂಗಳ ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಚಿಕ್ಕವಳು ದಾಕ್ಷಾಯಿಣಿ ನಿದ್ದೆಯಲ್ಲೂ ಯಾರನ್ನಾದರೂ ಮಾತಾಡಿಸುತ್ತಿದ್ದಳು. ಯಾವ ಕೆಲಸಕ್ಕಾದರೂ ಇಬ್ಬರನ್ನೂ ಒಟ್ಟಿಗೇ ಅಟ್ಟುವುದು ಅಪ್ಪನ ರೂಢಿ.

"ಇಬ್ರಿಗೂ ಒಂದೇ ನೊಗ ಹೂಡ್ತೀಯಲ್ಲೋ ಗಂಗಾಧರ!" ಎಂದರು ವಿಮಲಮ್ಮ. "ಒಬ್ಬೊಬ್ರ ಸ್ವಭಾವ ಒಂದೊಂದು ಕಣೋ. ಚಿಕ್ಕೋಳು ಊರಿಗೆಲ್ಲಾ ಕರ್ದು ಬರ್ಲಿ. ದೊಡ್ಡೋಳು ಅಡುಗೆ ಉಸ್ತುವಾರಿ ನೋಡ್ಕಳ್ಲಿ. ನೀನು ಮಧ್ಯೆ ಬಾಯಿ ಹಾಕ್ಬ್ಯಾಡ."

ಅಕ್ಕನ ಮಾತು ಮೀರುವ ಧೈರ್ಯ ಅವರಿಗಿರಲಿಲ್ಲ. ನಲವತ್ತು ಹೆಸರಿನ ಪಟ್ಟಿ ಹಿಡಿದು ದಾಕ್ಷಾಯಿಣಿ ಹಗ್ಗ ಬಿಚ್ಚಿದ ಕರುವಿನಂತೆ ಓಡಿದಳು. ಸರ್ವಮಂಗಳ ಅಂಗಡಿಗೆ ಸಾಮಾನಿನ ಚೀಟಿ ಬರೆಯಲು ಕೂತಳು.

ಹನ್ನೊಂದು ಗಂಟೆಗೆ ಪಕ್ಕದ ಮನೆಯ ಕರಿಬಸಮ್ಮ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು. "ಏನ್ರೀ ಗಂಗಾಧರಯ್ಯ, ಬೀರೂರಿನ್ ಬಸ್ನೋರ್ನೆಲ್ಲಾ ಪೂಜೆಗೆ ಕರ್ದಿದೀರಂತೆ! ಕಂಡಕ್ಟ್ರು ಬಸ್ ಇಲ್ಲೇ ನಿಲ್ಲಿಸ್ಕಂತೀನಿ ಅಂತಿದ್ದ."

ಗಂಗಾಧರಯ್ಯನವರ ಎದೆ ಬೆಲ್ಟು ಕಳಚಿದ ಮೋಟಾರಿನಂತೆ ಹೊಡೆದುಕೊಂಡಿತು. ಅಷ್ಟರಲ್ಲಿ ದಾಕ್ಷಾಯಿಣಿ ನೀರು ಕುಡಿಯಲು ಬಂದಳು.

"ನಲವತ್ತೇ ಜನ ಅಂದಿದ್ನಲ್ಲೇ!"

"ಎದುರಿಗೆ ಸಿಕ್ಕೋರ್ನ ಕರೀದೆ ಹೆಂಗಪ್ಪಾಜಿ ಬರೋದು? ಬೇಜಾರ್ ಮಾಡ್ಕಳಲ್ವಾ?"

"ಒಟ್ಟು ಎಷ್ಟು ಜನಕ್ಕೆ ಹೇಳ್ದೆ?"

"ಎಣ್ಸೋದು ಅಕ್ಕನ ಕೆಲ್ಸ ಅಲ್ವಾ?"

ಬೈಯಲು ಬಾಯಿ ತೆರೆದರೆ ವಿಮಲಮ್ಮ ಕಣ್ಣು ಕೆಕ್ಕರಿಸಿದರು. "ಬೈದ್ರೆ ಮಗು ಮುದುಡಿ ಹೋಗ್ತದೆ." ಗಂಗಾಧರಯ್ಯ ಬೈಗುಳ ನುಂಗಿಕೊಂಡು, ತಲೆ ಮೇಲೆ ಕೈಹೊತ್ತು ಖಾಲಿ ಚೀಲದ ರಾಶಿಯ ಮೇಲೆ ಕುಸಿದರು. ಅಪ್ಪನ ಮುಖ ನೋಡಿದ ದಾಕ್ಷಾಯಿಣಿ, ಹುಟ್ಟಿದ ಮೇಲೆ ಮೊದಲ ಸಲ, ಏನೂ ಮಾತಾಡದೆ ಮತ್ತೆ ಹೊರಗೆ ಓಡಿದಳು.

ಸ್ವಲ್ಪ ಹೊತ್ತಿಗೆ ಚೇತರಿಸಿಕೊಂಡು ಅವರು ಹಿತ್ತಲಿನ ಒಲೆಯ ಬಳಿ ಓಡಿದರೆ, ಅಡುಗೆಯ ತೀರ್ಥಪ್ಪ ಮದುವೆಮನೆಯ ಕೊಪ್ಪರಿಗೆಯಲ್ಲಿ ಉಪ್ಪಿಟ್ಟು ತಿರುವುತ್ತಿದ್ದ. ಪಕ್ಕದಲ್ಲಿ ಅಷ್ಟೇ ದೊಡ್ಡ ಪಾತ್ರೆಯ ತುಂಬ ಕೇಸರಿಬಾತು.

"ಇನ್ನೂರು ಜನಕ್ಕೆ ಸಾಕು," ಎಂದಳು ಸರ್ವಮಂಗಳ.

"ನಿಂಗೆ ಯಾರವ್ವಾ ಹೇಳಿದ್ದು?"

"ಕರೆಯಕ್ಕೆ ಹೋಗಿದ್ದು ದಾಕ್ಷಾಯಿಣಿ ಅಲ್ವಾ ಅಪ್ಪಾಜಿ. ಬೆಳಿಗ್ಗೆನೇ ಚೀಟೀಲಿ ಜಾಸ್ತಿ ಬರ್ದೆ."

ಗಂಗಾಧರಯ್ಯನವರ ಕಣ್ಣಲ್ಲಿ ನೀರು ಬಂತು. ಅರ್ಧ ಹೊಗೆಗೆ, ಅರ್ಧ ಹೆಮ್ಮೆಗೆ. "ಅಕ್ಕಾ, ನೀನು ಹೇಳಿದ್ದು ಸರಿ ಕಣೇ!" ಎಂದು ಕೂಗಿದರು.

ನಾಲ್ಕಕ್ಕೆ ಪೂಜೆ ಮುಗಿದು ಗಿರಣಿ ಗುರ್ರೆಂದಿತು. ಇನ್ನೂರು ಎಲೆ ತೊಳೆದಿಟ್ಟಿತ್ತು. ಕರಿಬಸಮ್ಮನೊಬ್ಬರನ್ನು ಬಿಟ್ಟರೆ ನರಪಿಳ್ಳೆಯಿಲ್ಲ. ನಾಲ್ಕೂವರೆಯಾಯಿತು. ಬೀರೂರಿನ ಬಸ್ಸು ನಿಲ್ಲದೆ ಹೋಯಿತು.

ಐದಕ್ಕೆ ದಾಕ್ಷಾಯಿಣಿ ಮೊಣಕಾಲವರೆಗೆ ಧೂಳು ಮೆತ್ತಿಕೊಂಡು ಬಂದಳು. ಕೂಗಿ ಕೂಗಿ ಗಂಟಲು ಕಟ್ಟಿಹೋಗಿತ್ತು. "ಯೋಚ್ನೆ ಮಾಡ್ಬ್ಯಾಡಿ ಅಪ್ಪಾಜಿ. ಎಲ್ರಿಗೂ ಬರಬ್ಯಾಡಿ ಅಂತ ಹೇಳ್ಬಿಟ್ಟು ಬಂದೆ."

"ಪಟ್ಟೀಲಿದ್ದ ನಲವತ್ತು ಜನಕ್ಕೂ?"

"ಪಟ್ಟಿ ಬೆಳಿಗ್ಗೆನೇ ಕಳ್ದೋಯ್ತು. ಒಬ್ರಿಗೆ ಹೇಳಿ ಒಬ್ರಿಗೆ ಬಿಟ್ರೆ ಚೆನ್ನಾಗಿರಲ್ಲ ಅಂತ ಎಲ್ರಿಗೂ ಹೇಳ್ದೆ."

"ಏನಂತ ಹೇಳ್ದೆ ತಾಯಿ?"

"ಗಿರಣಿ ಕೆಟ್ಟೋಗಿದೆ ಅಂತ."

ಅಕ್ಕತಂಗಿಯರು ಕೊಪ್ಪರಿಗೆ ನೋಡಿದರು, ಒಬ್ಬರನ್ನೊಬ್ಬರು ನೋಡಿದರು, ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದರು. ವಿಮಲಮ್ಮ ತರೀಕೆರೆ ಬಸ್ಸಿನ ಹೊತ್ತು ವಿಚಾರಿಸತೊಡಗಿದರು.

ಬಾಗಿಲಲ್ಲಿ ರಾಗಿ ಬೀಸಿಸಲು ಚೀಲ ಹೊತ್ತು ಬಂದ ಅದೇ ಊರಿನ ಪಾಪಮ್ಮ ಇಣುಕಿದಳು. "ರಿಪೇರಿ ಆಯ್ತೇನ್ರೀ?"

"ಕೆಟ್ಟೇ ಇಲ್ಲ ಕಣವ್ವ, ಕೇಳ್ನೋಡು, ಓಡ್ತಾ ಐತೆ!" ಎಂದರು ಗಂಗಾಧರಯ್ಯ.

"ಮೊದಲ್ನೇ ದಿನಾನೇ ಕೆಟ್ಟಿದ್ ಮಿಷನ್ನು, ನಂಬಕ್ಕಾಯ್ತದಾ? ಬೀರೂರಲ್ಲೇ ಬೀಸಿಸ್ಕಂತೀನಿ ಬಿಡ್ರಿ." ಪಾಪಮ್ಮ ನಡೆದೇಬಿಟ್ಟಳು.

"ಅಪ್ಪಾಜಿ," ಎಲೆ ಮುಂದೆ ಕೂತಿದ್ದ ದಾಕ್ಷಾಯಿಣಿ ಒಡಕು ಗಂಟಲಲ್ಲೇ ಎದ್ದು ನಿಂತಳು, "ನಾನ್ ಹೋಗಿ ಸರಿಯಾಗೈತೆ ಅಂತ ಊರಿಗೆಲ್ಲಾ ಹೇಳ್ಕಂಡ್ ಬರ್ಲಾ?"

ಗಂಗಾಧರಯ್ಯ ಒಂದು ಕೈಯಲ್ಲಿ ಅವಳ ಜಡೆ ಭದ್ರವಾಗಿ ಹಿಡಿದುಕೊಂಡು, ಇನ್ನೊಂದು ಕೈಯಿಂದ ಅವಳ ಎಲೆಗೆ ಉಪ್ಪಿಟ್ಟು ಬಡಿಸಿದರು.