ಏಳನೇ ಆರೋಪಿಯ ಬಿಡುಗಡೆ

ಎಂಟು ವರ್ಷದ ಹಿಂದಿನ ಬಂದ್ ದಿನ ಗುಬ್ಬಿಯ ಭಾನುಪ್ರಕಾಶ್ ಒಂದೇ ಒಂದು ಕಲ್ಲನ್ನೂ ಮುಟ್ಟಿರಲಿಲ್ಲ. ಟೈಲರ್ ಅಕ್ರಂ ಪಾಷಾ ಅಂಗಡಿಯಲ್ಲಿ, ಅರ್ಧ ಹೊಲಿದ ಪ್ಯಾಂಟು ಹಾಕಿಕೊಂಡು ಅಳತೆ ನೋಡುತ್ತಿದ್ದ. ಬೀದಿಯಲ್ಲಿ ಗಲಾಟೆ ಕೇಳಿ ಹೆದರಿ ಓಡಿದ. ಗುಂಡುಪಿನ್ನು ಚುಚ್ಚಿದ ಪ್ಯಾಂಟಿನಲ್ಲಿ ಎಷ್ಟು ದೂರ ಓಡಿಯಾನು? ಪೊಲೀಸರಿಗೆ ಸಿಕ್ಕಿ ಗಲಭೆ ಕೇಸಿನ ಏಳನೇ ಆರೋಪಿಯಾದ.

ಜಾಮೀನಿನ ಮೇಲೆ ಬಂದಾಗ ಬಂದ್‌ಗೆ ಕರೆ ಕೊಟ್ಟಿದ್ದ ಪಕ್ಷದವರು ಹಾರ ಹಾಕಿದರು. ಆಗ ಪ್ಯಾಂಟಿನ ವಿಷಯ ಬಾಯಿಬಿಡುವಷ್ಟು ದಡ್ಡ ಅವನಲ್ಲ. ಬಸ್ಸಿನ ಗಾಜು ಒಡೆದವನು ತಾನೇ ಎಂದು ಎಂಟು ವರ್ಷ ಕೊಚ್ಚಿಕೊಂಡು, ಕೊನೆಗೂ ಪಟ್ಟಣ ಪಂಚಾಯಿತಿ ಟಿಕೆಟ್ ಗಿಟ್ಟಿಸಿದ. ಗ್ರಹಚಾರಕ್ಕೆ, ನಾಮಪತ್ರದ ಕೊನೆಯ ದಿನವೇ ತುಮಕೂರು ಕೋರ್ಟಿನಲ್ಲಿ ತೀರ್ಪು.

"ಶಿಕ್ಷೆ ಆಗ್ಬಿಟ್ರೆ ನೀನು ನಿಲ್ಲಂಗಿಲ್ಲ ಕಣಪ್ಪ," ಎಂದರು ಪಕ್ಷದ ಮುಖಂಡ ಶಿವರಾಮಯ್ಯ. "ನಿಂದೊಂದು, ನಿನ್ನ ಹೆಂಡ್ತಿ ಪ್ರೇಮಲತಾದೊಂದು, ಎರಡು ಅರ್ಜಿನೂ ಸೈನ್ ಮಾಡಿಸಿ ಇಟ್ಕೊಂಡಿರ್ತೀನಿ. ತೀರ್ಪು ಗೊತ್ತಾದೇಟ್ಗೆ ಫೋನ್ ಮಾಡ್ರಿ. ಮೂರು ಗಂಟೆ ಒಳ್ಗೆ ಯಾವ್ದೋ ಒಂದು ಹಾಕ್ತೀನಿ."

ಫೋನಿನ ಕೆಲಸಕ್ಕೆ ಪಕ್ಕದ ಮನೆ ಯಲ್ಲಯ್ಯ ಜೊತೆಗೆ ಹೊರಟ. ಸುದ್ದಿ ಮುಟ್ಟಿಸುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಕಾಯಿಲೆಯವರು ಇನ್ನೂ ಗಂಜಿ ಕುಡಿಯುತ್ತಿರುವಾಗಲೇ ನೆಂಟರಿಗೆ ಸಾವಿನ ಸುದ್ದಿ ಹೇಳಿದವನು ಅವನು.

ಎರಡೂವರೆಗೆ ನ್ಯಾಯಾಧೀಶರು ಓದತೊಡಗಿದರು. "ಆರೋಪ ಸಾಬೀತಾಗಿದೆ. ಎರಡು ವರ್ಷ ಸಜೆ..." ಎನ್ನುವಷ್ಟರಲ್ಲಿ ಯಲ್ಲಯ್ಯ ಫೋನ್ ಕಿವಿಗಿಟ್ಟುಕೊಂಡು ಬಾಗಿಲ ಹೊರಗಿದ್ದ. ಅದು ಮೊದಲ ಆರು ಜನರ ಮಾತು. ನ್ಯಾಯಾಧೀಶರು ಒಂದು ಗುಟುಕು ನೀರು ಕುಡಿದು ಮುಂದುವರಿಸಿದರು: ಪಿನ್ನು ಚುಚ್ಚಿದ ಪ್ಯಾಂಟಿನಲ್ಲಿ ಬಗ್ಗಿ ಕಲ್ಲು ಎತ್ತಲಾಗದೆಂಬ ಅಕ್ರಂ ಪಾಷಾನ ಸಾಕ್ಷ್ಯ ನಂಬುವಂತಿದೆ, ಏಳನೇ ಆರೋಪಿ ಬಿಡುಗಡೆ.

ಭಾನುಪ್ರಕಾಶನಿಗೆ ಸಂತೋಷಕ್ಕೆ ಅಳುವೇ ಬಂತು. ಬಿಡುಗಡೆಯ ಸುದ್ದಿ ಯಲ್ಲಯ್ಯ ಮುಟ್ಟಿಸಿರುತ್ತಾನೆಂದುಕೊಂಡು, ಉಳಿದವರ ಮೇಲ್ಮನವಿ, ಜಾಮೀನಿನ ಓಡಾಟ ನಡೆದಿರುವಾಗಲೇ ಅರ್ಧ ಕೆಜಿ ಮೈಸೂರು ಪಾಕ್ ಕಟ್ಟಿಸಿಕೊಂಡು ಬಸ್ ಹತ್ತಿದ.

ಗುಬ್ಬಿಯಲ್ಲಿ ಇಳಿದರೆ ಆಟೋದ ಮೈಕು ಕೂಗುತ್ತಿತ್ತು: "ನಿಮಗೋಸ್ಕರ ಜೈಲಿಗೆ ಹೋದ ಭಾನಣ್ಣನ ಧರ್ಮಪತ್ನಿ ಪ್ರೇಮಲತಾ ಅವರಿಗೇ ನಿಮ್ಮ ಮತ." ಹಿತ್ತಲ ಬಾಗಿಲಿಂದ ಮನೆಯೊಳಗೆ ನುಗ್ಗಿದ. ನಡುಮನೆಯಲ್ಲಿ ಬೀದಿಯ ಹೆಂಗಸರೆಲ್ಲ ಸೇರಿ ಅಳುತ್ತಿದ್ದರು. ಶಿವರಾಮಯ್ಯ ಅವನನ್ನು ಅಡುಗೆಮನೆಗೆ ಎಳೆದುಕೊಂಡರು.

"ನಂಗೆ ಬಿಡುಗಡೆ ಆಯ್ತು ಅಣ್ಣ. ಅವತ್ತು ಅಂಗ್ಡೀಲಿದ್ದೆ ಅಂತ ಟೈಲರ್ ಹೇಳಿದ್ದನ್ನ ಜಡ್ಜು ನಂಬಿದ್ರು."

"ಮೆಲ್ಲಗೆ ಮಾತಾಡ್ಲಾ. ಪ್ರೇಮಲತಾ ಅರ್ಜಿ ಹಾಕಾಯ್ತು, ಟೈಮೂ ಮುಗೀತು. ಇಡೀ ವಾರ್ಡು ಕಣ್ಣೀರು ಹಾಕ್ತಾ ಐತೆ. ಈಗ ಟೈಲರ್ ಅಂಗ್ಡೀಲಿದ್ದೆ ಅಂದ್ರೆ ಡೆಪಾಸಿಟ್ಟೂ ಉಳಿಯಲ್ಲ."

"ಮತ್ತೆ ನಾನು?"

"ಪೋಲಿಂಗ್ ಗಂಟ ಅಟ್ಟದ ಮೇಲಿರು. ಹದಿನೇಳು ದಿನ ಅಷ್ಟೇ."

ಅವನು ಹೆಂಡತಿಯ ಮುಖ ನೋಡಿದ. ಅವಳು ಆಗಲೇ ಏಣಿ ತಂದು ಒರಗಿಸಿದ್ದಳು.

ಸಂಜೆ ಡೊಳ್ಳಿನ ಸದ್ದು ಕೇಳಿ ಭಾನುಪ್ರಕಾಶ್ ಅಟ್ಟದ ಗವಾಕ್ಷಿಯಲ್ಲಿ ಇಣುಕಿದ. ಶಿಕ್ಷೆಯಾದ ಆರೂ ಜನ ಜಾಮೀನು ಪಡೆದು, ಕುತ್ತಿಗೆ ತುಂಬ ಹಾರ ಹಾಕಿಕೊಂಡು, ತೆರೆದ ಜೀಪಿನಲ್ಲಿ ಬರುತ್ತಿದ್ದರು.

"ನಮ್ಮ ಭಾನಣ್ಣ ಎಲ್ಲಪ್ಪ?" ಎಂದು ಮುದುಕಿ ನಿಂಗಮ್ಮ ಕೇಳಿದಳು.

ಶಿವರಾಮಯ್ಯ ಮೈಕು ಹಿಡಿದು ಕಣ್ಣೊರೆಸಿಕೊಂಡರು. "ನಂಗೆ ಜಾಮೀನೇ ಬೇಡ ಅಂದ್ಬಿಟ್ಟ ಕಣವ್ವ, ಪುಣ್ಯಾತ್ಮ."

ಬೀದಿಗೆ ಬೀದಿಯೇ ಚಪ್ಪಾಳೆ ತಟ್ಟಿತು. ಅಟ್ಟದ ಧೂಳಿಗೆ ಭಾನುಪ್ರಕಾಶನಿಗೆ ಕೆಮ್ಮು ಬಂತು.

"ರೀ, ಕೆಮ್ಬೇಡಿ," ಎಂದಳು ಪ್ರೇಮಲತಾ ಕೆಳಗಿನಿಂದ, ಏಣಿ ತೆಗೆಯುತ್ತಾ. "ನಮ್ಮ ವೋಟು ಹೋಗ್ತವೆ."